‘ನೋಯಿಸು’: ಅರ್ಥ, ಬಳಕೆ ಮತ್ತು ಹೊಣೆ

ಮನುಷ್ಯನು ಮನುಷ್ಯನಿಗೆ ಮಾಡುವ ಕೆಡುಕನ್ನು ಹೇಳಲು ಕನ್ನಡದಲ್ಲಿ ಅನೇಕ ಕ್ರಿಯಾಪದಗಳಿವೆ. ಹೊಡೆ, ಬಡಿ, ಇರಿ ಮೊದಲಾದವು ಕಣ್ಣಿಗೆ ಕಾಣುವ ಕೆಡುಕನ್ನು ಹೇಳುತ್ತವೆ. ಅವುಗಳಿಗೆ ಮೈಮೇಲಿನ ಗಾಯವೇ ಸಾಕ್ಷಿ. ಬೈ, ಜರೆ, ಹಂಗಿಸು, ಮೂದಲಿಸು, ಹೀಯಾಳಿಸು ಎಂಬವು ಕಿವಿಗೆ ಕೇಳುವ ಕೆಡುಕನ್ನು ಹೇಳುತ್ತವೆ. ಅವುಗಳಿಗೆ ಅಲ್ಲಿದ್ದು ಕೇಳಿದವರು ಸಾಕ್ಷಿ. ‘ನೋಯಿಸು’ ಎಂಬ ಪದ ಈ ಎರಡು ಗುಂಪುಗಳಲ್ಲಿ ಯಾವುದಕ್ಕೂ ಪೂರ್ತಿಯಾಗಿ ಸೇರುವುದಿಲ್ಲ. ಮನಸ್ಸನ್ನು ನೋಯಿಸುವ ಕ್ರಿಯೆ ಮಾತಿನಿಂದ ನಡೆಯಬಹುದು, ಮೌನದಿಂದ ನಡೆಯಬಹುದು, ಊಟಕ್ಕೆ ಕುಳಿತಾಗ ಎಲೆ ಹಾಕುವ ಜಾಗದಿಂದಲೂ ನಡೆಯಬಹುದು. ಅದು ನಡೆಯಿತು ಎಂದು ಹೇಳಬಲ್ಲವರು ನೊಂದವರು ಮಾತ್ರ. ಈ ಕಾರಣದಿಂದ ಈ ಪದದ ಅರ್ಥವಿಚಾರ ಕೇವಲ ನಿಘಂಟಿನ ವಿಚಾರವಾಗಿ ಉಳಿಯುವುದಿಲ್ಲ. ನೋವನ್ನು ಹೇಳುವ ಅಧಿಕಾರ ಯಾರದು, ಅದಕ್ಕೆ ಹೊಣೆ ಯಾರದು ಎಂಬ ಪ್ರಶ್ನೆಗಳೂ ಅದರೊಡನೆ ಬರುತ್ತವೆ.

1

‘ನೋಯು’ ಧಾತು ದ್ರಾವಿಡ ಭಾಷೆಗಳ ಸಮಾನ ಸ್ವತ್ತು. ತಮಿಳಿನ ‘ನೋವು’, ಮಲಯಾಳದ ‘ನೋವ್’, ತೆಲುಗಿನ ‘ನೊಪ್ಪಿ’ ಇವೆಲ್ಲ ಒಂದೇ ಮೂಲದವು. ಕನ್ನಡದ ‘ನೊಂದು’ ಎಂಬ ಭೂತರೂಪಕ್ಕೆ ತಮಿಳು ಮತ್ತು ಮಲಯಾಳಗಳಲ್ಲಿ ‘ನೊಂದು’ ಎಂದೇ ಕೇಳಿಸುವ ರೂಪಗಳಿವೆ. ಕ್ರಿಯಾಪದಗಳ ಇಂಥ ನಿಯಮಬಾಹಿರ ರೂಪಗಳು ಸಾಮಾನ್ಯವಾಗಿ ಭಾಷೆಯ ಹಳೆಯ ಪದರಗಳಿಗೆ ಸೇರಿದವು. ಮನಸ್ಸಿನ ನೋವಿಗೆ ಕನ್ನಡ ಸಂಸ್ಕೃತದಿಂದ ವ್ಯಥೆ, ವೇದನೆ, ಯಾತನೆ, ಸಂಕಟ ಮುಂತಾದ ಪದಗಳನ್ನು ಪಡೆದಿದೆ. ‘ವೇದನಾ’ ಎಂಬುದನ್ನು ‘ಬೇನೆ’ಯಾಗಿಸಿ ತನ್ನದಾಗಿ ಮಾಡಿಕೊಂಡಿದೆ. ಆದರೂ ಮನೆಯ ಮಾತಿನಲ್ಲಿ ‘ನೋವು’ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ.

ಇದಕ್ಕೆ ವ್ಯಾಕರಣದ ಕಾರಣವೂ ಇದೆ. ಸಂಸ್ಕೃತದಿಂದ ಬಂದ ಮೇಲಿನ ಪದಗಳು ಕನ್ನಡದಲ್ಲಿ ನಾಮಪದಗಳು. ಅವು ಕ್ರಿಯೆಯಾಗಬೇಕಾದರೆ ‘ಪಡು’, ‘ಪಡಿಸು’, ‘ಕೊಡು’, ‘ಉಂಟುಮಾಡು’ ಎಂಬ ಊರುಗೋಲು ಬೇಕು: ವ್ಯಥೆಪಡಿಸು, ದುಃಖಪಡಿಸು, ಯಾತನೆ ಕೊಡು. ‘ನೋಯು’ ಮಾತ್ರ ತಾನೇ ಕ್ರಿಯೆ. ಅದಕ್ಕೆ ‘ಇಸು’ ಎಂಬ ಪ್ರೇರಣಾರ್ಥಕ ಪ್ರತ್ಯಯ ಸೇರಿದೊಡನೆ ‘ನೋಯಿಸು’ ಸಿದ್ಧವಾಗುತ್ತದೆ. ನೆರೆಯ ಭಾಷೆಗಳೂ ಇದೇ ಮೂಲದಿಂದ ಇಂಥ ಪದಗಳನ್ನು ಕಟ್ಟಿಕೊಂಡಿವೆ. ತೆಲುಗಿನ ‘ನೊಪ್ಪಿಂಚು’, ಮಲಯಾಳದ ‘ನೋವಿಕ್ಕುಕ’ ಇದಕ್ಕೆ ಸಮೀಪವಾದವು. ಇಂದಿನ ತಮಿಳಿನ ಆಡುಮಾತು ‘ನೋಗಡಿ’ ಎಂದು ಹೊಡೆತದ ಅರ್ಥವುಳ್ಳ ‘ಅಡಿ’ಯನ್ನು ಅದಕ್ಕೆ ಜೋಡಿಸಿಕೊಂಡಿದೆ. ಕನ್ನಡದ ಪದದಲ್ಲಿ ಹೊಡೆತವಿಲ್ಲ. ನೋಯುವವರೊಬ್ಬರು, ನೋಯಲು ಕಾರಣರಾದವರೊಬ್ಬರು, ಈ ಇಬ್ಬರನ್ನು ಕಟ್ಟುವ ಒಂದು ಪ್ರತ್ಯಯ, ಇಷ್ಟೇ ಅದರೊಳಗಿದೆ.

ಮೈಗೂ ಮನಸ್ಸಿಗೂ ಒಂದೇ ಧಾತು ಸಲ್ಲುತ್ತದೆ ಎಂಬುದು ನಿಜ. ಹಲ್ಲೂ ನೋಯುತ್ತದೆ, ಮನಸ್ಸೂ ನೋಯುತ್ತದೆ. ಆದರೆ ಇಂದಿನ ಬಳಕೆಯನ್ನು ಸೂಕ್ಷ್ಮವಾಗಿ ನೋಡಿದರೆ ಒಂದು ಪಾಲುಗಾರಿಕೆ ಕಾಣುತ್ತದೆ. ‘ಕಾಲು ನೋವಾಯಿತು’ ಎನ್ನುತ್ತಾರೆ. ‘ಕಾಲು ನೊಂದಿತು’ ಎನ್ನುವುದು ಆಡುಮಾತಿನಲ್ಲಿ ಅಪರೂಪ. ‘ಅವಳು ನೊಂದಳು’ ಎಂದರೆ ಯಾರೂ ಮೈನೋವು ಎಂದು ತಿಳಿಯುವುದಿಲ್ಲ. ‘ನೊಂದುಕೊಂಡಳು’ ಎಂದಾಗಲಂತೂ ಅನುಮಾನಕ್ಕೆ ಎಡೆಯೇ ಇಲ್ಲ. ಅಂದರೆ ಧಾತುವಿನ ಹಳೆಯ ರೂಪವನ್ನು ಭಾಷೆ ಮನಸ್ಸಿಗಾಗಿ ಉಳಿಸಿಕೊಂಡಿದೆ. ಪ್ರೇರಣಾರ್ಥಕದಲ್ಲಿಯೂ ಹೀಗೆಯೇ. ‘ಆಟದಲ್ಲಿ ಬಿದ್ದು ಕೈ ನೋಯಿಸಿಕೊಂಡ’ ಎಂಬಲ್ಲಿ ಮೈಯ ಅರ್ಥವಿದೆ. ‘ಅವನು ಅವಳನ್ನು ನೋಯಿಸಿದ’ ಎಂದು ಬೇರೆ ವಿವರಣೆಯಿಲ್ಲದೆ ಹೇಳಿದರೆ ಕೇಳುಗರಿಗೆ ಮೊದಲು ತೋರುವುದು ಮನಸ್ಸಿನ ಅರ್ಥವೇ.

2

‘ನೋಯಿಸು’ ಎಂಬುದಕ್ಕೆ ನಿಘಂಟುಗಳು ‘ನೋವುಂಟುಮಾಡು’ ಎಂಬ ಬಗೆಯ ಅರ್ಥ ಕೊಡುತ್ತವೆ. ಅದು ತಪ್ಪಲ್ಲ, ಆದರೆ ಸಮೀಪಾರ್ಥದ ಪದಗಳಿಂದ ಇದು ಹೇಗೆ ಬೇರೆ ಎಂಬುದು ಅದರಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಲು ಎರಡು ಸರಳ ಪರೀಕ್ಷೆಗಳನ್ನು ಮಾಡಿ ನೋಡಬಹುದು.

ಮೊದಲನೆಯದು ಉದ್ದೇಶದ ಪರೀಕ್ಷೆ. ‘ಗೊತ್ತಿಲ್ಲದೆ ನೋಯಿಸಿದೆ’ ಎಂಬುದು ಸಹಜವಾದ ಕನ್ನಡ ವಾಕ್ಯ. ‘ಗೊತ್ತಿಲ್ಲದೆ ಮೂದಲಿಸಿದೆ’, ‘ಗೊತ್ತಿಲ್ಲದೆ ಹಂಗಿಸಿದೆ’ ಎಂಬ ವಾಕ್ಯಗಳು ಕಿವಿಗೆ ಒಗ್ಗುವುದಿಲ್ಲ. ಮೂದಲಿಕೆಗೆ ಗುರಿ ಬೇಕು, ಹಂಗಿಸುವುದಕ್ಕೆ ಹಿಂದೆ ಮಾಡಿದ ಉಪಕಾರದ ನೆನಪು ಬೇಕು. ರನ್ನನ ‘ಸಾಹಸಭೀಮವಿಜಯ’ದಲ್ಲಿ ಭೀಮನ ಮೂದಲಿಕೆ ಈ ಬಗೆಯದು. ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನನನ್ನು ಹೊರಗೆಳೆಯುವುದೇ ಅಲ್ಲಿ ಮಾತಿನ ಕೆಲಸ. ತಣ್ಣೀರಿನೊಳಗಿದ್ದರೂ ಅವನು ಬೆವರುವಂತೆ ಮಾಡಿದ್ದು ಭೀಮನ ಗದೆಯಲ್ಲ, ದನಿ. ಆಡುವವನಿಗೂ ಕೇಳುವವನಿಗೂ ಆ ಮಾತಿನ ಉದ್ದೇಶ ಸ್ಪಷ್ಟವಾಗಿ ಗೊತ್ತಿದೆ. ‘ನೋಯಿಸು’ ಎಂಬುದಕ್ಕೆ ಅಂಥ ಉದ್ದೇಶ ಬೇಕಿಲ್ಲ.

ಎರಡನೆಯದು ಫಲದ ಪರೀಕ್ಷೆ. ‘ಅವನು ಹಂಗಿಸಿದ, ಆದರೆ ಅವಳು ನೋಯಲಿಲ್ಲ’ ಎನ್ನಬಹುದು. ‘ಅವನು ನೋಯಿಸಿದ, ಆದರೆ ಅವಳು ನೋಯಲಿಲ್ಲ’ ಎಂದರೆ ವಾಕ್ಯ ತನ್ನನ್ನು ತಾನೇ ಅಲ್ಲಗಳೆಯುತ್ತದೆ. ಹಂಗಿಸಿದ್ದು ಆಡಿದವನ ಬಾಯಲ್ಲೇ ಮುಗಿಯುತ್ತದೆ. ನೋಯಿಸಿದ್ದು ಮುಗಿಯುವುದು ಕೇಳಿದವಳ ಮನಸ್ಸಿನಲ್ಲಿ.

ಈ ಎರಡು ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಪದದ ಸ್ವರೂಪ ಸ್ಪಷ್ಟವಾಗುತ್ತದೆ. ನೋವು ಆಯಿತೇ ಇಲ್ಲವೇ ಎಂಬುದನ್ನು ನಿರ್ಣಯಿಸುವವರು ನೊಂದವರು. ಅದರ ಹೊಣೆ ಹೊರುವವರು ಮಾಡಿದವರು. ‘ನನಗೆ ಆ ಉದ್ದೇಶವಿರಲಿಲ್ಲ’ ಎಂಬ ಸಮರ್ಥನೆ ಮೂದಲಿಕೆಯ ಆರೋಪವನ್ನು ತೊಡೆಯಬಲ್ಲದು. ನೋಯಿಸಿದ ಆರೋಪವನ್ನು ಅದು ಹಗುರಗೊಳಿಸಬಹುದೇ ಹೊರತು ತೊಡೆಯಲಾರದು.

ನ್ಯಾಯಾಲಯದ ಭಾಷೆ ಇದಕ್ಕಿಂತ ಬೇರೆ ದಾರಿ ಹಿಡಿದಿದೆ. 1860ರ ಭಾರತೀಯ ದಂಡ ಸಂಹಿತೆಯು ‘ನೋವು’ ಎಂಬ ಅಪರಾಧವನ್ನು ವಿವರಿಸುವಾಗ ದೈಹಿಕ ನೋವು, ರೋಗ, ದೌರ್ಬಲ್ಯಗಳನ್ನಷ್ಟೇ ಹೇಳಿತು. ಧಾರ್ಮಿಕ ಭಾವನೆಗಳನ್ನು ಮಾತಿನಿಂದ ನೋಯಿಸುವುದನ್ನು ಅದರ 298ನೆಯ ಕಲಮು ಅಪರಾಧವೆಂದು ಕರೆದರೂ ಬುದ್ಧಿಪೂರ್ವಕ ಉದ್ದೇಶವಿರಬೇಕೆಂಬ ಷರತ್ತನ್ನು ಹಾಕಿತು. 1927ರಲ್ಲಿ ಸೇರಿದ 295ಎ ಕಲಮು ಬುದ್ಧಿಪೂರ್ವಕತೆಯ ಜೊತೆಗೆ ದುರುದ್ದೇಶವನ್ನೂ ಬೇಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ಷರತ್ತುಗಳು ಮುಂದುವರಿದಿವೆ. ಶಿಕ್ಷೆ ವಿಧಿಸುವ ಅಧಿಕಾರವುಳ್ಳ ಕಾನೂನು ಉದ್ದೇಶವನ್ನು ಕೇಳಲೇಬೇಕು; ಇಲ್ಲವಾದರೆ ಯಾವ ಮಾತೂ ಸುರಕ್ಷಿತವಲ್ಲ. ಆಡುಭಾಷೆಗೆ ಶಿಕ್ಷೆಯ ಅಧಿಕಾರವಿಲ್ಲ. ಆದ್ದರಿಂದಲೇ ಅದು ಉದ್ದೇಶವನ್ನು ಬದಿಗಿಟ್ಟು ಹೊಣೆಯನ್ನು ಮಾತ್ರ ಕೇಳಬಲ್ಲದು. ಈ ಎರಡು ಭಾಷೆಗಳನ್ನು ಒಂದರೊಡನೊಂದು ಬೆರೆಸಿದಾಗ ಏನಾಗುತ್ತದೆಂಬುದನ್ನು ಮುಂದೆ ನೋಡಬಹುದು.

3

ನೊಂದವರ ಅಧಿಕಾರವನ್ನು ಕನ್ನಡ ಸಾಹಿತ್ಯ ಬಹಳ ಹಿಂದೆಯೇ ಗುರುತಿಸಿತ್ತು. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ಪ್ರಸಿದ್ಧ ವಚನವೊಂದು ನೊಂದವರ ನೋವು ನೋಯದವರಿಗೆ ತಿಳಿಯಲಾರದೆಂಬ ವಿಚಾರದ ಮೇಲೆಯೇ ನಿಂತಿದೆ. ಅನುಭವದ ಬಗೆಗಿನ ಮಾತಾಗಿ ಇದು ಬಹಳ ಉಲ್ಲೇಖಗೊಂಡಿದೆ. ಆದರೆ ಅದರ ಇನ್ನೊಂದು ಮುಖ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆ ವಚನದಲ್ಲಿ ನೋವು ತಾನಾಗಿ ಬಂದುದಲ್ಲ. ಇರಿದವನ ಹೆಸರು ಅಲ್ಲಿದೆ. ಆ ಹೆಸರು ಚೆನ್ನಮಲ್ಲಿಕಾರ್ಜುನನದೇ. ಪ್ರೀತಿಸಿದ ದೈವವನ್ನೇ ನೋವಿನ ಕರ್ತೃವೆಂದು ಹೆಸರಿಸುವ ಧೈರ್ಯ ಆ ಮಾತಿನಲ್ಲಿದೆ. ಭಕ್ತಿಯೂ ಕರ್ತೃವನ್ನು ಮರೆಮಾಡುವುದಿಲ್ಲ.

ಅದೇ ವಚನ ವಿಮರ್ಶೆಗೆ ಮತ್ತೊಂದು ಪ್ರಶ್ನೆಯನ್ನೂ ಒಡ್ಡುತ್ತದೆ. ಅನುಭವವಿಲ್ಲದವರಿಗೆ ಉದಾಹರಣೆಯಾಗಿ ಅಲ್ಲಿ ಬರುವವಳು ಮಕ್ಕಳಿಲ್ಲದ ಹೆಣ್ಣು. ಆ ಕಾಲದ ಲೋಕರೂಢಿಯಿಂದ ಬಂದ ಹೋಲಿಕೆ ಅದು. ಮೂದಲಿಕೆಯ ಉದ್ದೇಶ ಅಲ್ಲಿಲ್ಲ. ಆದರೂ ಮಕ್ಕಳಿಲ್ಲದ ಓದುಗಳೊಬ್ಬಳಿಗೆ ಆ ಪದ ಇಂದು ನೋವು ತರಬಹುದು. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ಮಾತಿನ ಹಾಗೂ ಭಾವನಾತ್ಮಕ ದೌರ್ಜನ್ಯವನ್ನು ವಿವರಿಸುವಾಗ, ಮಗುವಿಲ್ಲ ಅಥವಾ ಗಂಡುಮಗುವಿಲ್ಲ ಎಂದು ಹೀಯಾಳಿಸುವುದನ್ನು ಹೆಸರಿಸಿಯೇ ಹೇಳಿದೆ. ನೊಂದವರ ಪರವಾಗಿ ನಿಂತ ಮಾತೂ ಮತ್ತೊಬ್ಬರನ್ನು ನೋಯಿಸಬಹುದೆಂಬುದಕ್ಕೆ ಇದು ನಿದರ್ಶನ. ಇದರಿಂದ ವಚನದ ಘನತೆಗೆ ಕುಂದಿಲ್ಲ. ‘ಗೊತ್ತಿಲ್ಲದೆ ನೋಯಿಸಿದೆ’ ಎಂಬ ವಾಕ್ಯ ಏಕೆ ಸಾಧ್ಯ ಎಂಬುದು ಇದರಿಂದ ಇನ್ನಷ್ಟು ಅರ್ಥವಾಗುತ್ತದೆ.

ಆಧುನಿಕ ಸಾಹಿತ್ಯದಲ್ಲಿ ತ್ರಿವೇಣಿಯವರ ‘ಶರಪಂಜರ’ವನ್ನು ಈ ದೃಷ್ಟಿಯಿಂದ ಓದಬೇಕು. ಮನಃಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ತ್ರಿವೇಣಿಯವರು (1928–1963) ಈ ಕಾದಂಬರಿಯಲ್ಲಿ ಬಾಣಂತಿತನದ ಹೊತ್ತಿನಲ್ಲಿ ಮನೋವ್ಯಾಧಿಗೆ ತುತ್ತಾಗಿ, ಗುಣಮುಖಳಾಗಿ ಮನೆಗೆ ಮರಳುವ ಕಾವೇರಿಯ ಕಥೆಯನ್ನು ಹೇಳಿದರು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಚಲನಚಿತ್ರವಾಗಿಸಿದ ಮೇಲೆ ಕಥೆ ಮನೆಮನೆಗೂ ತಲುಪಿತು. ಕಾವೇರಿಯನ್ನು ಮತ್ತೆ ಕೆಡವುವುದು ಯಾವುದೋ ಒಂದು ಕ್ರೂರ ಕೃತ್ಯವಲ್ಲ. ಸಂಶಯದ ನೋಟ, ಅತಿಯಾದ ಎಚ್ಚರಿಕೆ, ಸಾಧಾರಣ ಕೋಪವನ್ನೂ ಹುಚ್ಚಿನ ಲಕ್ಷಣವೆಂದು ಕಾಣುವ ರೀತಿ, ಗಂಡನ ದೂರಸರಿಯುವಿಕೆ, ಇವೆಲ್ಲ ಸೇರಿ ಆ ಕೆಲಸ ಮಾಡುತ್ತವೆ. ಒಂದೊಂದನ್ನೇ ಬಿಡಿಸಿ ನೋಡಿದರೆ ಪ್ರತಿಯೊಬ್ಬರೂ ‘ನಾನೇನು ಮಾಡಿದೆ?’ ಎಂದು ಕೇಳಬಹುದು. ಕಾದಂಬರಿಯ ಹೆಸರೇ ಇದಕ್ಕೆ ಉತ್ತರ. ಪಂಜರವಾಗಲು ಅನೇಕ ಬಾಣಗಳು ಬೇಕು. ಎಸೆದವರಲ್ಲಿ ಯಾರೊಬ್ಬರೂ ತಾವು ಪಂಜರ ಕಟ್ಟಿದೆವೆಂದು ಒಪ್ಪುವುದಿಲ್ಲ. ‘ನೋಯಿಸು’ ಎಂಬ ಕ್ರಿಯೆಗೆ ಒಬ್ಬನೇ ಕರ್ತೃ ಇರಬೇಕಾಗಿಲ್ಲ, ಹಲವರ ನಡುವೆ ಹಂಚಿಹೋದ ಮಾತ್ರಕ್ಕೆ ಹೊಣೆ ಇಲ್ಲವಾಗುವುದೂ ಇಲ್ಲ ಎಂಬುದನ್ನು ಕಾವೇರಿಯ ಕಥೆ ಮನಗಾಣಿಸುತ್ತದೆ.

ದಲಿತ ಸಾಹಿತ್ಯ ಈ ವಿಚಾರವನ್ನು ಮನೆಯಿಂದ ಊರಿಗೆ ವಿಸ್ತರಿಸಿತು. ಅರವಿಂದ ಮಾಲಗತ್ತಿಯವರ ಆತ್ಮಕಥನ ‘ಗೌರ್ಮೆಂಟ್ ಬ್ರಾಹ್ಮಣ’ದ (1994) ಶೀರ್ಷಿಕೆ, ಸರ್ಕಾರಿ ಸೌಲಭ್ಯ ಪಡೆದ ದಲಿತರನ್ನು ಚುಚ್ಚಲು ಬಳಸುತ್ತಿದ್ದ ಮಾತೇ. ಲೇಖಕರು ಅದನ್ನು ಎತ್ತಿ ಪುಸ್ತಕದ ಮುಖಪುಟದಲ್ಲಿಟ್ಟರು. ನೋಯಿಸಿದವರ ಬಾಯಿಂದ ಬಂದ ಪದ ನೊಂದವರ ಕೈಗೆ ಬಂದೊಡನೆ ಅದರ ದಿಕ್ಕು ಬದಲಾಯಿತು. ಓದುಗನೀಗ ಆ ಪದವನ್ನು ಉಚ್ಚರಿಸದೆ ಪುಸ್ತಕದ ಹೆಸರು ಹೇಳಲಾರ. ಉಚ್ಚರಿಸುವಾಗ ಅದರ ಇತಿಹಾಸವನ್ನು ಮರೆಯಲಾರ. ಸಿದ್ಧಲಿಂಗಯ್ಯನವರ ‘ಊರುಕೇರಿ’ ಹಿಡಿದದ್ದು ಬೇರೆ ಹಾದಿ. ಹಸಿವು, ಅವಮಾನಗಳ ಪ್ರಸಂಗಗಳನ್ನೂ ಅದು ನಗೆಯೊಡನೆ ಹೇಳುತ್ತದೆ. ನಕ್ಕ ಓದುಗ ಮರುಗಳಿಗೆ ತಾನು ಯಾವುದಕ್ಕೆ ನಕ್ಕೆನೆಂದು ಯೋಚಿಸಬೇಕಾಗುತ್ತದೆ. ಈ ಎರಡು ಕೃತಿಗಳೂ ಕನಿಕರವನ್ನು ಬೇಡುವುದಿಲ್ಲ. ನೋವನ್ನು ಹೇಳುವ ಅಧಿಕಾರ ತಮ್ಮದೆಂದು ಸ್ಥಾಪಿಸುತ್ತವೆ.

4

ಪದದ ಈ ಬಲವೇ ಅದರ ದುರ್ಬಳಕೆಗೂ ದಾರಿ ಮಾಡಿಕೊಟ್ಟಿದೆ. ನೋವಾಯಿತೆಂದು ನೊಂದವರೇ ಹೇಳಬೇಕು ಎಂದಾದಾಗ, ನೋವಾಯಿತೆಂದು ಹೇಳುವ ಎಲ್ಲರೂ ನೊಂದವರೆ ಎಂಬ ಪ್ರಶ್ನೆ ಏಳುತ್ತದೆ.

ಮನೆಯ ಮಟ್ಟದಲ್ಲಿ ಇದನ್ನು ಮೊದಲು ನೋಡಬಹುದು. ‘ದೊಡ್ಡವರ ಮನಸ್ಸು ನೋಯಿಸಬೇಡ’ ಎಂಬುದು ಕನ್ನಡದ ಮನೆಗಳಲ್ಲಿ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಹೇಳುತ್ತ ಬಂದ ಬುದ್ಧಿಮಾತು. ಮಾತಿನಲ್ಲಿ ತಪ್ಪಿಲ್ಲ. ಆದರೆ ಅದರ ಬಳಕೆಯಲ್ಲಿ ಒಂದು ಅಸಮತೆ ಇದೆ. ಮಗಳು ತನ್ನ ಇಷ್ಟದಂತೆ ಓದಿದರೆ, ಮದುವೆಯಾದರೆ ‘ಹೆತ್ತವರ ಮನಸ್ಸು ನೋಯಿಸಿದಳು’ ಎನ್ನುತ್ತಾರೆ. ಅವಳ ಇಷ್ಟವನ್ನು ತಡೆದಾಗ ಅವಳಿಗಾದದ್ದನ್ನು ‘ಹಟ’, ‘ಮುನಿಸು’ ಎನ್ನುತ್ತಾರೆ. ಅತ್ತೆಗಾದದ್ದು ‘ನೋವು’, ಸೊಸೆಗಾದದ್ದು ‘ಸಣ್ಣ ಮಾತನ್ನು ದೊಡ್ಡದು ಮಾಡುವ ಸ್ವಭಾವ’. ಯಾರ ಸಂಕಟಕ್ಕೆ ‘ನೋವು’ ಎಂಬ ಹೆಸರು ದೊರೆಯುತ್ತದೆ, ಯಾರದಕ್ಕೆ ದೊರೆಯುವುದಿಲ್ಲ ಎಂಬುದನ್ನು ಗಮನಿಸಿದರೆ ಮನೆಯೊಳಗಿನ ಅಧಿಕಾರದ ಕ್ರಮ ತಾನಾಗಿಯೇ ಗೋಚರಿಸುತ್ತದೆ. ಬೈದು ಹೇಳುವವರು ಬದುಕಲು ಹೇಳುತ್ತಾರೆ ಎಂಬ ಗಾದೆಯೂ ಇದೇ ಕ್ರಮದಲ್ಲಿ ಕೆಲಸ ಮಾಡುತ್ತದೆ. ಅದು ಹಿರಿಯರ ಬೈಗುಳಕ್ಕೆ ಸದುದ್ದೇಶದ ರಕ್ಷಣೆ ಕೊಡುತ್ತದೆ. ಕಿರಿಯರ ಮಾತಿಗೆ ಅಂಥ ರಕ್ಷಣೆ ಇಲ್ಲ.

ಸಾರ್ವಜನಿಕ ಬದುಕಿನಲ್ಲಿ ಈ ಪದದ ವ್ಯಾಕರಣವೇ ಬದಲಾಗುತ್ತ ಬಂದಿದೆ. ಪುಸ್ತಕ, ನಾಟಕ, ಭಾಷಣಗಳ ಬಗೆಗಿನ ವಿವಾದಗಳಲ್ಲಿ ‘ಭಾವನೆಗಳಿಗೆ ಧಕ್ಕೆಯಾಗಿದೆ’, ‘ಭಾವನೆಗಳಿಗೆ ನೋವಾಗಿದೆ’ ಎಂಬ ವಾಕ್ಯಗಳು ರೂಢಿಯಾಗಿವೆ. ಇಲ್ಲಿ ನೋಯುವ ವ್ಯಕ್ತಿಯ ಸ್ಥಾನದಲ್ಲಿ ‘ಭಾವನೆಗಳು’ ಎಂಬ ಬಹುವಚನದ ಅಮೂರ್ತ ಪದ ಬಂದಿದೆ. ‘ನಾನು ನೊಂದೆ’ ಎಂದರೆ ಹೇಳಿದವನು ತನ್ನನ್ನು ತೋರಿಸಬೇಕಾಗುತ್ತದೆ. ಏನನ್ನು ಓದಿದೆ, ಏಕೆ ನೊಂದೆ ಎಂಬ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ. ‘ಭಾವನೆಗಳಿಗೆ ಧಕ್ಕೆಯಾಗಿದೆ’ ಎನ್ನುವವನಿಗೆ ಆ ಹೊರೆ ಇಲ್ಲ. ಓದದ ಪುಸ್ತಕದ ಮೇಲೂ ಆ ವಾಕ್ಯವನ್ನು ಹೇಳಬಹುದು. ಆಡುಭಾಷೆಯಿಂದ ನೊಂದವರ ಅಧಿಕಾರವನ್ನೂ ಕಾನೂನಿನಿಂದ ಶಿಕ್ಷೆಯ ಬಲವನ್ನೂ ಎರವಲು ತಂದು, ಆಡುಭಾಷೆ ಕೇಳುವ ವ್ಯಕ್ತಿಗತ ಸಾಕ್ಷ್ಯವನ್ನೂ ಕಾನೂನು ಕೇಳುವ ಉದ್ದೇಶದ ಸಾಕ್ಷ್ಯವನ್ನೂ ಕೈಬಿಟ್ಟದ್ದು ಈ ವಾಕ್ಯದ ರಚನೆ.

ಇದರ ಜೋಡಿಯಾಗಿ ನಿಂತಿರುವುದು ಸಾರ್ವಜನಿಕ ಕ್ಷಮಾಪಣೆಯ ವಾಕ್ಯ: ‘ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ.’ ಇದರಲ್ಲಿ ‘ಇಸು’ ಪ್ರತ್ಯಯವಿಲ್ಲ. ‘ನೋಯಿಸಿದೆ’ ಎಂಬ ಕ್ರಿಯೆ ‘ನೋವಾಗು’ ಎಂಬ ಸಂಭವಕ್ಕೆ ಇಳಿದಿದೆ. ‘ಇವರನ್ನು’ ಎಂಬ ಕರ್ಮ ‘ಯಾರಿಗಾದರೂ’ ಆಗಿದೆ. ನಡೆದುಹೋದ ಘಟನೆ ‘ಆಗಿದ್ದರೆ’ ಎಂಬ ಷರತ್ತಾಗಿದೆ. ಮಳೆ ಬಂದಂತೆ ನೋವು ಬಂದಿದೆ. ತಂದವರು ಯಾರೂ ಇಲ್ಲ. ದೂರಿನ ವಾಕ್ಯ ನೊಂದವರನ್ನು ಅಳಿಸಿತು, ಕ್ಷಮಾಪಣೆಯ ವಾಕ್ಯ ನೋಯಿಸಿದವರನ್ನು ಅಳಿಸಿತು. ಇಬ್ಬರ ನಡುವೆ ಸಂಬಂಧ ಕಲ್ಪಿಸಲೆಂದೇ ಇದ್ದ ಕ್ರಿಯಾಪದಕ್ಕೆ ಅಲ್ಲಿ ಕೆಲಸವಿಲ್ಲದಾಯಿತು. ಇದರ ನಷ್ಟ ತಟ್ಟುವುದು ದೂರಿನ ಭಾಷೆ ಬಲ್ಲವರಿಗಲ್ಲ. ಎಲೆಯ ಜಾಗದಿಂದ, ಮನೆಯ ಮೌನದಿಂದ ನಿಜವಾಗಿ ನೊಂದವರಿಗೆ. ನೋವು ಎಂಬ ಮಾತೇ ಸಂಶಯಕ್ಕೆ ಗುರಿಯಾದಾಗ ಮೊದಲು ನಂಬಿಕೆ ಕಳೆದುಕೊಳ್ಳುವುದು ಅವರ ಮಾತು.

5

ನಿಜವಾದ ನೋವನ್ನೂ ನೋವಿನ ಹೆಸರಿನ ಬೆದರಿಕೆಯನ್ನೂ ಬೇರ್ಪಡಿಸುವ ಒರೆಗಲ್ಲು ಹೊರಗಿನಿಂದ ಬರಬೇಕಾಗಿಲ್ಲ. ಅದು ಈ ಪದದೊಳಗೇ ಇದೆ. ಕನ್ನಡದಲ್ಲಿ ಒಬ್ಬರ ಪರವಾಗಿ ದೂರು ಕೊಡಬಹುದು, ಒಬ್ಬರ ಪರವಾಗಿ ವಾದಿಸಬಹುದು. ‘ಒಬ್ಬರ ಪರವಾಗಿ ನೊಂದೆ’ ಎಂದು ಹೇಳಲಾಗುವುದಿಲ್ಲ. ‘ಒಬ್ಬರಿಗಾಗಿ ನೊಂದೆ’ ಎನ್ನಬಹುದು. ಆಗ ನೋವು ಹೇಳಿದವನದೇ ಆಗುತ್ತದೆ, ಅದಕ್ಕೆ ಅವನೇ ಸಾಕ್ಷಿ ನುಡಿಯಬೇಕಾಗುತ್ತದೆ. ನೋಯುವುದನ್ನು ಪ್ರತಿನಿಧಿಗೆ ಒಪ್ಪಿಸಲು ಬಾರದು. ಕಾವೇರಿಯ ನೋವನ್ನು ಓದುಗ ನಂಬುವುದು ಅದರ ವಿವರಗಳಿಂದ. ಮಾಲಗತ್ತಿಯವರ ನೋವನ್ನು ನಂಬುವುದು ಅವರು ತಮ್ಮನ್ನೇ ಒಡ್ಡಿಕೊಂಡ ರೀತಿಯಿಂದ. ನೊಂದವರು ಹೇಳುವ ಮಾತಿನಲ್ಲಿ ಒಬ್ಬ ವ್ಯಕ್ತಿ, ಒಂದು ಜಾಗ, ಒಂದು ಗಳಿಗೆ ಇರುತ್ತವೆ. ಅವು ಇಲ್ಲದ ಕಡೆ ‘ನೋವು’ ಎಂಬ ನಾಮಪದ ಇರಬಹುದು. ‘ನೊಂದೆ’ ಎಂಬ ಕ್ರಿಯೆ ಇರುವುದಿಲ್ಲ.

ಹೊಣೆಯ ವಿಷಯವೂ ಹೀಗೆಯೇ. ‘ನೋವಾಗಿದ್ದರೆ’ ಎಂಬುದಕ್ಕೂ ‘ನೋಯಿಸಿದೆ’ ಎಂಬುದಕ್ಕೂ ಇರುವ ಅಂತರ ಶೈಲಿಯದಲ್ಲ. ಎರಡನೆಯದನ್ನು ಹೇಳಿದವನು ತಾನು ಕರ್ತೃವೆಂದು ಒಪ್ಪುತ್ತಾನೆ, ಎದುರಿಗಿರುವವರನ್ನು ಗುರುತಿಸುತ್ತಾನೆ. ಉದ್ದೇಶವಿರಲಿಲ್ಲ ಎಂಬುದನ್ನು ಆಮೇಲೆ ಹೇಳಿಕೊಳ್ಳಲು ಭಾಷೆ ಅವನಿಗೆ ಅವಕಾಶ ಕೊಟ್ಟಿದೆ. ‘ಗೊತ್ತಿಲ್ಲದೆ ನೋಯಿಸಿದೆ’ ಎಂಬ ವಾಕ್ಯದಲ್ಲಿ ತಪ್ಪೊಪ್ಪಿಗೆಯೂ ಇದೆ, ವಿವರಣೆಯೂ ಇದೆ. ಒಂದು ಮತ್ತೊಂದನ್ನು ನುಂಗಿಲ್ಲ. ಮನೆಯ ಜಗುಲಿಯಲ್ಲಿ ಅಕ್ಷರ ಬಾರದವರೂ ಸಹಜವಾಗಿ ಆಡಿಕೊಂಡು ಬಂದಿರುವ ವಾಕ್ಯ ಇದು. ಪತ್ರಿಕಾ ಹೇಳಿಕೆಗಳ, ವೇದಿಕೆಗಳ ಕನ್ನಡ ಈ ವಾಕ್ಯವನ್ನು ಮತ್ತೆ ಕಲಿಯಬೇಕಾಗಿದೆ.